ಬಿಸಿಲು ಎಲ್ಲರದು, ತಂತಿ ಯಾರದು?

ಬಿಸಿಲಿಗೆ ಈ ತನಕ ಯಾವ ಸರಕಾರವೂ ಕಂದಾಯ ಹಾಕಿಲ್ಲ. ಯಾವ ಸಾಹುಕಾರನೂ ಅದನ್ನು ಹಗೇವಿನಲ್ಲಿ ತುಂಬಿಟ್ಟು ಬೀಗ ಜಡಿದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಅದಕ್ಕೆ ಬರವೂ ಇಲ್ಲ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಸಂತೆ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಬಿಸಿಲಿನಿಂದ ವಿದ್ಯುತ್ತನ್ನು ತೆಗೆದು, ತಂತಿಯಲ್ಲಿ ಹರಿಸಿ, ಮೀಟರಿನಲ್ಲಿ ಅಳೆದು ಮಾರುವ ಕಾಲ ಬಂದಿದೆ. ಆ ತಂತಿ, ಆ ಮೀಟರು ಯಾರ ಕೈಯಲ್ಲಿರಬೇಕು? ಈ ವಾರ ನಾವು ವಾಚಕರ ಮುಂದಿಡುವ ಪ್ರಶ್ನೆ ಇದು.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ಸೌರವಿದ್ಯುತ್ತಿಗೆ ನಾವು ವಿರೋಧಿಗಳಲ್ಲ. 2025ರ ಜನವರಿಯಲ್ಲಿ ನಮ್ಮ ದೇಶದ ಸೌರ ಸಾಮರ್ಥ್ಯ 1 ಲಕ್ಷ ಮೆಗಾವ್ಯಾಟ್ ದಾಟಿತು. ಅದೇ ವರ್ಷದ ಜೂನ್ ಹೊತ್ತಿಗೆ ದೇಶದ ಒಟ್ಟು ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಡದೆ ವಿದ್ಯುತ್ತು ಕೊಡುವಂಥದಾಯಿತು. ನಿಜವಾಗಿ ಉತ್ಪತ್ತಿಯಾಗುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೇ ಆದರೂ ದಾರಿ ಸರಿಯಾದ ಕಡೆಗೇ ತಿರುಗಿದೆ. ಹೊಗೆ ಕುಡಿದು ಸಾಯುವವರು, ಮಳೆ ತಪ್ಪಿದರೆ ಹೊಟ್ಟೆಗಿಲ್ಲದವರು ಬಡವರೇ ಆಗಿರುವಾಗ, ಹೊಗೆಯಿಲ್ಲದ ವಿದ್ಯುತ್ತು ಬಡವರಿಗೇ ಮೊದಲು ಬೇಕಾದದ್ದು. ನಮ್ಮ ತಕರಾರು ಬಿಸಿಲಿನ ಮೇಲಲ್ಲ, ಬಿಸಿಲಿನ ಲಾಭ ಹಂಚುವ ರೀತಿಯ ಮೇಲೆ.

ಗೋಕಾಕದ ಜನಕ್ಕೆ ಈ ಪ್ರಶ್ನೆ ಹೊಸದಲ್ಲ. ಹೊಗೆಯಿಲ್ಲದ ಶಕ್ತಿ ನಮ್ಮಲ್ಲಿಗೆ ಬಂದು ನೂರಾ ಮೂವತ್ತು ವರ್ಷಗಳ ಮೇಲಾಯಿತು. ಘಟಪ್ರಭೆ 170 ಅಡಿಯಷ್ಟು ಕೆಳಗೆ ಧುಮುಕುವ ಜಾಗದಲ್ಲಿ 1887ರಲ್ಲಿ ನೂಲಿನ ಗಿರಣಿ ಆರಂಭವಾಯಿತು. ಅದನ್ನು ಕಟ್ಟಿದ ಕಂಪನಿಯ ಹೆಸರಿನಲ್ಲಿಯೇ ‘ವಾಟರ್ ಪವರ್’ ಎಂಬ ಮಾತಿತ್ತು. ನದಿ ಎಲ್ಲರದು, ಜಲಪಾತ ಎಲ್ಲರದು. ಆದರೆ ಅದರ ಬಲ ಗಿರಣಿಯ ಚಕ್ರಗಳನ್ನು ತಿರುಗಿಸಿತು, ಗಿರಣಿಯ ಲಾಭ ಪಾಲುದಾರರ ಮನೆ ಸೇರಿತು. ಯಂತ್ರದ ಮುಂದೆ ನಿಂತವರಿಗೆ ಪಗಾರ ಸಿಕ್ಕಿತು; ಅದೂ ಕಾದಾಡಿದಷ್ಟೇ ಸಿಕ್ಕಿತು. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಸ್ವಾತಂತ್ರ್ಯ ಬರುವ ತನಕವೂ ಎಣ್ಣೆಯ ದೀಪವೇ. ತೂಗುಸೇತುವೆಯ ಮೇಲೆ ನಿಂತು ಫಾಲ್ಸು ನೋಡುವ ಪ್ರವಾಸಿಗೆ ನೀರಿನ ಸೊಬಗು ಕಾಣುತ್ತದೆ. ನಮಗೆ ಅದರ ಜೊತೆಗೆ ಈ ಪಾಠವೂ ಕಾಣಬೇಕು.

ಇನ್ನು ಹುಕ್ಕೇರಿಯ ಕಡೆ ನೋಡಿರಿ. ಅಲ್ಲಿ ಬೇರೊಂದು ಪಾಠವಿದೆ. 1969ರಲ್ಲಿ ಹಳ್ಳಿಗಳಿಗೆ ದೀಪ ಮುಟ್ಟಿಸಲು ದೇಶದಲ್ಲಿ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಪ್ರಯೋಗಾರ್ಥವಾಗಿ ಆರಿಸಿದಾಗ, ಅವುಗಳಲ್ಲಿ ಒಂದು ಹುಕ್ಕೇರಿಯದಾಗಿತ್ತು. ಇಂದಿಗೂ ಕರ್ನಾಟಕದಲ್ಲಿ ಜನರಿಗೆ ವಿದ್ಯುತ್ತು ಹಂಚುವ ಸಹಕಾರಿ ಸಂಘ ಅದೊಂದೇ. ಗೋಕಾಕ, ಮೂಡಲಗಿಯವರು ಹುಬ್ಬಳ್ಳಿಯ ಹೆಸ್ಕಾಂಗೆ ಬಿಲ್ಲು ಕಟ್ಟುತ್ತಾರೆ. ಹುಕ್ಕೇರಿ ತಾಲೂಕಿನವರು ತಮ್ಮದೇ ಸಂಘಕ್ಕೆ ಕಟ್ಟುತ್ತಾರೆ. ಸಂಘವು ಹೆಸ್ಕಾಂನಿಂದ ವಿದ್ಯುತ್ತನ್ನು ಸಗಟಾಗಿ ಕೊಂಡು ಚಿಲ್ಲರೆಯಾಗಿ ಹಂಚುತ್ತದೆ. ದರ ಗೊತ್ತುಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದರೂ, ಕಂಬ ಮತ್ತು ತಂತಿಗಳ ಒಡೆತನ ಕಾಗದದ ಮೇಲೆ ಸದಸ್ಯರದು. ಈ ಒಡೆತನದ ಬೆಲೆ ಮುಂದಿನ ದಿನಗಳಲ್ಲಿ ಗೊತ್ತಾಗಲಿದೆ. ಯಾಕೆಂದು ಹೇಳುತ್ತೇವೆ.

ವಿದ್ಯುತ್ತು ಜೋಳವಲ್ಲ, ಚೀಲದಲ್ಲಿ ತುಂಬಿಡಲು. ಹುಟ್ಟಿದ ಕ್ಷಣವೇ ಅದು ಖರ್ಚಾಗಬೇಕು. ಬಿಸಿಲಿನ ವಿದ್ಯುತ್ತು ಮಧ್ಯಾಹ್ನ ಉಕ್ಕಿ ಬರುತ್ತದೆ, ಹೊತ್ತು ಮುಳುಗಿದೊಡನೆ ನಿಂತುಹೋಗುತ್ತದೆ. ಮನೆಯಲ್ಲೂ ಅಂಗಡಿಯಲ್ಲೂ ದೀಪ ಹಚ್ಚುವುದು ಅದೇ ಹೊತ್ತಿಗೆ. ಮಳೆಗಾಲದ ಫಾಲ್ಸಿಗೂ ಬೇಸಿಗೆಯ ಫಾಲ್ಸಿಗೂ ಇರುವ ಅಂತರವನ್ನು ಬಲ್ಲವರಿಗೆ ಇದು ತಿಳಿಯದ ಸಂಗತಿಯಲ್ಲ. ನದಿಗೆ ಅದು ವರ್ಷಕ್ಕೊಮ್ಮೆ, ಸೂರ್ಯನಿಗೆ ದಿನಕ್ಕೊಮ್ಮೆ. ನೀರಿಗೆ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಿದಂತೆ ಬಿಸಿಲಿಗೂ ಅಣೆಕಟ್ಟು ಬೇಕು. ದೊಡ್ಡ ಬ್ಯಾಟರಿಗಳು, ಹಗಲು ನೀರನ್ನು ಮೇಲೆ ಏರಿಸಿ ಸಂಜೆ ಕೆಳಗೆ ಬಿಡುವ ಯೋಜನೆಗಳು ಅಂಥ ಅಣೆಕಟ್ಟುಗಳೇ. ಅವು ಸಾಕಷ್ಟು ಆಗುವ ತನಕ, ಯಾರು ಯಾವ ಹೊತ್ತಿನಲ್ಲಿ ಎಷ್ಟು ಬಳಸಿದರೆಂದು ಗಂಟೆಗಂಟೆಗೂ ಲೆಕ್ಕ ಇಟ್ಟು, ಹೊತ್ತಿಗೊಂದು ದರ ಹಾಕಿ ಜನರ ಬಳಕೆಯನ್ನು ತಿರುಗಿಸಬೇಕೆಂಬುದು ಸರಕಾರದ ಎಣಿಕೆ. ಲೆಕ್ಕ ಇಡುವ ಯಂತ್ರಕ್ಕೆ ಸ್ಮಾರ್ಟ್ ಮೀಟರು ಎಂದೂ ಇಂಥ ತಂತಿಜಾಲಕ್ಕೆ ಸ್ಮಾರ್ಟ್ ಗ್ರಿಡ್ ಎಂದೂ ಹೆಸರು.

ಎಣಿಕೆಯಲ್ಲಿ ತಪ್ಪಿಲ್ಲ. ಆದರೆ ಅದರ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ? ಕೇಂದ್ರ ಸರಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ಮಾಡಿತು. ಬಿಸಿಲ ಹೊತ್ತಿನ ದರ ಮಾಮೂಲು ದರಕ್ಕಿಂತ ಕನಿಷ್ಠ ಶೇಕಡಾ 20 ಕಡಿಮೆ ಇರಬೇಕು. ಬೇಡಿಕೆ ಹೆಚ್ಚಿರುವ ಹೊತ್ತಿನ ದರ ವ್ಯಾಪಾರ ಮತ್ತು ಕೈಗಾರಿಕೆಗೆ ಕನಿಷ್ಠ ಶೇಕಡಾ 20ರಷ್ಟು, ಉಳಿದವರಿಗೆ ಶೇಕಡಾ 10ರಷ್ಟು ಹೆಚ್ಚಿರಬೇಕು. 10 ಕಿಲೋವ್ಯಾಟ್ ಮೀರಿದ ವ್ಯಾಪಾರ, ಕೈಗಾರಿಕೆಗಳಿಗೆ 2024ರ ಏಪ್ರಿಲ್ 1ರೊಳಗೆ, ಕೃಷಿಯನ್ನು ಬಿಟ್ಟು ಉಳಿದೆಲ್ಲರಿಗೂ 2025ರ ಏಪ್ರಿಲ್ 1ರೊಳಗೆ ಇದು ಜಾರಿಯಾಗಬೇಕೆಂಬುದು ನಿಯಮ. ಅದನ್ನು ದರಪಟ್ಟಿಗೆ ಇಳಿಸುವ ಕೆಲಸ ರಾಜ್ಯ ಆಯೋಗದ್ದು.

ಲೆಕ್ಕಕ್ಕಾಗಿ ಯುನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಳ್ಳೋಣ. ಮಧ್ಯಾಹ್ನ ಅದು 5 ರೂಪಾಯಿ 60 ಪೈಸೆ, ಸಂಜೆ 8 ರೂಪಾಯಿ 40 ಪೈಸೆ. ಹಿಟ್ಟಿನ ಗಿರಣಿಯವನು ಮಧ್ಯಾಹ್ನವೇ ಬೀಸಿ ನಾಲ್ಕು ಕಾಸು ಉಳಿಸಿಯಾನು; ಇದನ್ನು ನಾವು ಒಪ್ಪುತ್ತೇವೆ. ಆದರೆ ಕರದಂಟಿನ ಅಂಗಡಿಗೆ, ಅರಿವೆ ಅಂಗಡಿಗೆ, ಚಹಾದ ಅಂಗಡಿಗೆ ಗಿರಾಕಿ ಬರುವುದೇ ಕೆಲಸ ಬಿಟ್ಟ ಮೇಲೆ, ದೀಪ ಹಚ್ಚಿದ ಮೇಲೆ. ಅವನು ವ್ಯಾಪಾರವನ್ನು ಮಧ್ಯಾಹ್ನ 1 ಗಂಟೆಗೆ ಸರಿಸಲು ಆಗುತ್ತದೆಯೇ? ಬ್ಯಾಟರಿ ಕೊಳ್ಳುವ ಶಕ್ತಿಯಿದ್ದ ದೊಡ್ಡ ಮಾಲು ಅಗ್ಗದ ವಿದ್ಯುತ್ತನ್ನು ತುಂಬಿಟ್ಟುಕೊಂಡು ಸಂಜೆ ಝಗಝಗಿಸುತ್ತದೆ. ಪಕ್ಕದ ಸಣ್ಣ ಅಂಗಡಿ ತುಟ್ಟಿಯ ದೀಪದ ಕೆಳಗೆ ಕೂಡುತ್ತದೆ. ಗೃಹಜ್ಯೋತಿಯಿಂದ 2023ರ ನಂತರ ಮನೆಯ ಬಿಲ್ಲು 200 ಯುನಿಟ್ಟಿನ ತನಕ ಹಗುರಾಯಿತು, ನಿಜ. ಆದರೆ ಅಂಗಡಿಗೆ ಆ ನೆರಳಿಲ್ಲ.

ಗಿರಣಿ ಕಾರ್ಮಿಕರೂ ಇದು ವ್ಯಾಪಾರಿಗಳ ಗೋಳೆಂದು ತಿಳಿಯಬಾರದು. ಹಗಲು ವಿದ್ಯುತ್ತು ಅಗ್ಗವಾಗಿ ಸಂಜೆಯದು ತುಟ್ಟಿಯಾದರೆ ಮಾಲಕರು ಮೊದಲು ಕೈ ಹಾಕುವುದು ಪಾಳಿಗಳಿಗೆ. ಎರಡನೆಯ ಪಾಳಿ ಒಡೆದು ಹೋದರೆ ಯಾರ ಕೆಲಸ ಹೋದೀತು? ವಿದ್ಯುತ್ತಿನಲ್ಲಿ ಉಳಿದ ಹಣದಲ್ಲಿ ಪಗಾರಕ್ಕೆ ಎಷ್ಟು ಪಾಲು? ಪಾಳಿ ಬದಲಿಸುವ ಮೊದಲು ಸಂಘದೊಡನೆ ಮಾತಾಡಿರೆಂದು ಈಗಲೇ ಕೇಳದಿದ್ದರೆ ಆಮೇಲೆ ಗೇಟಿನ ಮುಂದೆ ನಿಂತು ಕೇಳಬೇಕಾದೀತು.

ಇನ್ನು ಮೀಟರಿನ ಬೆಲೆ. ಬೆಸ್ಕಾಂ 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯ ಮಾಡಿದಾಗ ಸಿಂಗಲ್ ಫೇಸ್ ಮೀಟರಿಗೆ ಸುಮಾರು 5 ಸಾವಿರ ರೂಪಾಯಿ ಗ್ರಾಹಕನೇ ತೆರಬೇಕಾಗಿ ಬಂದು ರಾಜ್ಯದಲ್ಲೆಲ್ಲ ಗದ್ದಲವೆದ್ದಿತು. ತಕ್ಕಡಿ ಯಾವಾಗಲೂ ಮಾರುವವನದು. ಕೊಳ್ಳುವವನೇ ತಕ್ಕಡಿಯನ್ನೂ ಕೊಂಡು ತರಬೇಕೆಂದರೆ ಯಾವ ಸಂತೆಯ ನ್ಯಾಯ?

ಮನೆಯ ಮೇಲೆ ನೀವೇ ಫಲಕ ಹಾಕಿಸಿರಿ ಎಂದು ಸಲಹೆ ಕೊಡುವವರೂ ಇದ್ದಾರೆ. 2024ರ ಫೆಬ್ರುವರಿಯಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2 ಕಿಲೋವ್ಯಾಟಿಗೆ 60 ಸಾವಿರ, 3 ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನವಿದೆ. ಸ್ವಂತ ಮಾಳಿಗೆ ಇದ್ದವರು ಇದರ ಲಾಭ ಪಡೆಯಲಿ. ಆದರೆ ಈ ಸಹಾಯಧನ ವಾಸದ ಮನೆಗೇ ಹೊರತು ಅಂಗಡಿಗಲ್ಲ. ಬಾಡಿಗೆ ಮನೆಯಲ್ಲಿರುವ ಕೂಲಿಕಾರನಿಗೆ, ತಗಡಿನ ಸೂರಿನ ಕೆಳಗಿರುವವನಿಗೆ ಮಾಳಿಗೆಯೆಲ್ಲಿ? ದಿಲ್ಲಿಯಲ್ಲಿ 2019ರಲ್ಲಿಯೇ ಒಂದು ಕಡೆ ಹಾಕಿದ ಫಲಕಗಳ ವಿದ್ಯುತ್ತನ್ನು ಹಲವರ ಬಿಲ್ಲಿನಲ್ಲಿ ಹಂಚಿಕೊಂಡು ಕಳೆಯಲು ಅವಕಾಶ ಮಾಡಿದರು. ಮಾಳಿಗೆ ಇಲ್ಲದವರಿಗೆ ಬೇಕಾದದ್ದು ಇಂಥ ಕೂಡುಪಾಲಿನ ವ್ಯವಸ್ಥೆ.

ಬರೀ ದೊಡ್ಡ ಸ್ಥಾವರಗಳಿಂದ ಇದು ಸಾಧ್ಯವಾಗದು. ಪಾವಗಡ ತಾಲೂಕಿನಲ್ಲಿ 13 ಸಾವಿರ ಎಕರೆಯ ಮೇಲೆ 2,050 ಮೆಗಾವ್ಯಾಟಿನ ಸೌರ ಪಾರ್ಕು ಎದ್ದಿತು. ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಲಾವಣಿಗೆ ತೆಗೆದುಕೊಂಡದ್ದು ಮೆಚ್ಚತಕ್ಕದ್ದೇ. ಬರದ ನಾಡಿನ ರೈತನಿಗೆ ಖಾತ್ರಿಯ ಹಣ ಬಂತು. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಬದುಕುತ್ತಿದ್ದ ಭೂಹೀನರ ಹೆಸರು ಲಾವಣಿಯ ಕಾಗದದಲ್ಲಿರಲಿಲ್ಲ. ಗಾಜಿನ ಫಲಕಕ್ಕೆ ಕಳೆ ಕೀಳುವವರು ಬೇಕಾಗುವುದಿಲ್ಲ.

ಬೇರೆ ದಾರಿ ಇದೆಯೇ? ಇದೆ. ಜರ್ಮನಿಯಲ್ಲಿ ಶ್ಯೋನಾವ್ ಎಂಬ ಊರಿದೆ. ಜನಸಂಖ್ಯೆ ಎರಡೂವರೆ ಸಾವಿರದಷ್ಟು, ನಮ್ಮ ಒಂದು ಹಳ್ಳಿಯಷ್ಟು. 1986ರ ಚೆರ್ನೋಬಿಲ್ ದುರಂತದ ನಂತರ ಅಲ್ಲಿಯ ಜನ ಶುದ್ಧ ವಿದ್ಯುತ್ತು ಬೇಕೆಂದು ಹಟ ಹಿಡಿದು, ಎರಡು ಸಲ ಜನಮತದಲ್ಲಿ ಗೆದ್ದು, 1997ರಲ್ಲಿ ಕಂಪನಿಯಿಂದ ತಮ್ಮೂರ ತಂತಿಜಾಲವನ್ನೇ ಕೊಂಡುಕೊಂಡರು. ಗುಜರಾತದ ಖೇಡಾ ಜಿಲ್ಲೆಯ ಧುಂಡಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಸೌರ ಪಂಪುಗಳ ಸಹಕಾರಿ ಸಂಘ ಕಟ್ಟಿ, ನೀರೆತ್ತಿ ಉಳಿದ ವಿದ್ಯುತ್ತನ್ನು ಸರಕಾರಿ ಕಂಪನಿಗೆ ಮಾರತೊಡಗಿದರು. ಶ್ಯೋನಾವ್‌ದವರು ಹತ್ತು ವರ್ಷ ಹೋರಾಡಿ ಗಳಿಸಿದ ತಂತಿ ಹುಕ್ಕೇರಿಯವರ ಕೈಯಲ್ಲಿ 1969ರಿಂದಲೇ ಇದೆ. ಧುಂಡಿಯವರು ಮಾಡಿದ್ದನ್ನು ಹುಕ್ಕೇರಿಯವರು ಮಾಡಲು ಏನು ಅಡ್ಡಿ?

ಕಾನೂನಿನ ಅಡ್ಡಿಯಂತೂ ಇರಲಿಲ್ಲ. 2019ರ ಕುಸುಮ್ ಯೋಜನೆ ರೈತರಿಗೆ, ಪಂಚಾಯತಿಗಳಿಗೆ, ಸಹಕಾರಿ ಸಂಘಗಳಿಗೆ ಬಂಜರು ಭೂಮಿಯಲ್ಲಿ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನ ತನಕ ಸ್ಥಾವರ ಹಾಕಲು ಬಾಗಿಲು ತೆರೆಯಿತು. ಅಡ್ಡಿ ಬೇರೆ ಕಡೆ ಇದೆ. 2025ರ ಸೆಪ್ಟೆಂಬರಿನಲ್ಲಿ ಹುಕ್ಕೇರಿ ಸಂಘದ ಆಡಳಿತ ಮಂಡಳಿಗೆ ಚುನಾವಣೆ ನಡೆದಾಗ ಜಿಲ್ಲೆಯ ದೊಡ್ಡ ಮನೆತನಗಳೆಲ್ಲ ಕಣಕ್ಕಿಳಿದವು. ವಿಧಾನಸಭೆಯ ಚುನಾವಣೆಯೇ ಬಂತೇನೋ ಎಂಬಂತಾಯಿತು. ಯಾರು ಗೆದ್ದರು, ಯಾರು ಸೋತರು ಎಂಬುದು ನಮಗೆ ಮುಖ್ಯವಲ್ಲ. ಆ ಅಬ್ಬರದಲ್ಲಿ ಸಂಜೆಯ ದರದ ಮಾತನ್ನು, ಮೀಟರಿನ ಮಾತನ್ನು, ಬಿಸಿಲಿನ ಮಾತನ್ನು ಎಷ್ಟು ಸದಸ್ಯರು ಕೇಳಿದರು? ಸಹಕಾರಿ ಸಂಘವೆಂದರೆ ಗೌಡರ ಅಂಗಳವಲ್ಲ. ಹುಕ್ಕೇರಿಯ ಜೊತೆಗೇ ಹುಟ್ಟಿದ ಮಹಾರಾಷ್ಟ್ರದ ಮುಳಾ ಪ್ರವರಾ ಸಂಘದ ಬಾಕಿ ಬೆಟ್ಟದಂತೆ ಬೆಳೆದು 2011ರಲ್ಲಿ ಅದರ ಲೈಸೆನ್ಸೇ ಕೈಬಿಟ್ಟುಹೋಯಿತು. ಒಡೆಯರು ನಿದ್ದೆ ಮಾಡಿದರೆ ಒಡೆತನ ಉಳಿಯುವುದಿಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು. ಹುಕ್ಕೇರಿಯ ಸದಸ್ಯರು ಬರುವ ಸರ್ವಸಾಧಾರಣ ಸಭೆಗೆ ತಪ್ಪದೆ ಹೋಗಲಿ; ಸಬ್‌ಸ್ಟೇಶನ್ನುಗಳ ಬಳಿ ಸಂಘದ್ದೇ ಆದ ಸೌರ ಸ್ಥಾವರ ಬೇಕೆಂದು, ಅದರಲ್ಲಿ ಮಾಳಿಗೆಯಿಲ್ಲದವನಿಗೂ ಪಾಲು ಬೇಕೆಂದು, ಕೆಲಸ ಕಳೆದುಕೊಳ್ಳುವ ಭೂಹೀನರಿಗೆ ಅಲ್ಲಿ ಮೊದಲ ಕೆಲಸ ಸಿಗಬೇಕೆಂದು ಠರಾವು ಮಂಡಿಸಲಿ. ಗೋಕಾಕ, ಮೂಡಲಗಿಯ ವ್ಯಾಪಾರಿಗಳೂ ಕಾರ್ಮಿಕರೂ ದರ ಗೊತ್ತುಮಾಡುವ ಮುಂಚೆ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗೆ ಒಟ್ಟಾಗಿ ಅರ್ಜಿ ಹಾಕಲಿ: ಬಿಸಿಲಿನ ವಿದ್ಯುತ್ತನ್ನು ಸಂಜೆಗೆ ಉಳಿಸುವ ಏರ್ಪಾಡು ಸರಕಾರ ಮಾಡುವ ತನಕ ಸಣ್ಣ ಅಂಗಡಿಗೆ ಸಂಜೆಯ ಹೆಚ್ಚಳ ಬೇಡ, ಮೀಟರಿನ ಬೆಲೆ ಗ್ರಾಹಕನ ತಲೆಗೆ ಬೇಡ ಎಂದು. ಆ ವಿಚಾರಣೆಯಲ್ಲಿ ಯಾರೂ ಮಾತಾಡಬಹುದು. ದೊಡ್ಡ ಕಾರಖಾನೆಗಳ ವಕೀಲರು ಪ್ರತಿ ಸಲ ಮಾತಾಡುತ್ತಾರೆ, ನಾವು ಮಾತ್ರ ಬಿಲ್ಲು ಬಂದ ಮೇಲೆ ಬಾಯಿ ಬಡಿದುಕೊಳ್ಳುತ್ತೇವೆ.

ಫಾಲ್ಸಿನ ನೀರು ಹೋಯಿತು, ಅದರ ಲಾಭ ಯಾರಿಗೆ ಹೋಯಿತೆಂದು ನಮ್ಮ ಅಜ್ಜಂದಿರು ಬಲ್ಲರು. ಅವರ ಕಾಲಕ್ಕೆ ಮತದ ಹಕ್ಕಿರಲಿಲ್ಲ, ಸಂಘವಿರಲಿಲ್ಲ. ನಮಗೆ ಎರಡೂ ಇವೆ. ಬಿಸಿಲೂ ನಮ್ಮ ಕಣ್ಣೆದುರು ಹಾಗೆಯೇ ಹರಿದುಹೋದರೆ ತಪ್ಪು ಸೂರ್ಯನದಲ್ಲ.