ಕಿವಿ ಸೋರುತ್ತಿದ್ದರೆ ರಜೆಗೆ ಮೊದಲೇ ತೋರಿಸಿ

ಕಳೆದ ಸಂಚಿಕೆಯಲ್ಲಿ ಬೇಸಿಗೆಯ ಬಿಸಿಲಿನ ಕುರಿತು ಬರೆದಿದ್ದೆವು. ಈ ಸಲ ಕಿವಿಯ ವಿಷಯ. ಹಲ್ಲು ನೋವು ಬಂದರೆ ಮರುದಿನವೇ ಕ್ಲಿನಿಕ್ಕಿಗೆ ಓಡುವ ನಾವು, ಕಿವಿ ವರ್ಷಗಟ್ಟಲೆ ಸೋರಿದರೂ ಹತ್ತಿ ತುರುಕಿಕೊಂಡು ಡ್ಯೂಟಿಗೆ ಹೋಗುತ್ತೇವೆ. ನೋವಿಲ್ಲವಲ್ಲ ಎಂಬ ಧೈರ್ಯ. ಆ ಧೈರ್ಯವೇ ತೊಂದರೆಯ ಮೂಲ.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ. ಅದೇ ಮಧ್ಯಕಿವಿ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಸದ್ದನ್ನು ಅಲ್ಲಿಂದ ಒಳಕಿವಿಗೆ ದಾಟಿಸುತ್ತವೆ. ರಿಕಾಪಿನ ಉದ್ದ ಸುಮಾರು 3 ಮಿಲಿಮೀಟರ್, ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ. ಈ ಕೋಣೆಗೆ ಗಾಳಿ ಬರುವುದು ಮೂಗಿನ ಹಿಂಭಾಗಕ್ಕೆ ತೆರೆದುಕೊಳ್ಳುವ ಯೂಸ್ಟೇಶಿಯನ್ ನಳಿಕೆಯಿಂದ. ನೆಗಡಿಯಾದಾಗ ಇದು ಊದಿ ಮುಚ್ಚಿಕೊಳ್ಳುತ್ತದೆ. ಮಕ್ಕಳಲ್ಲಿ ನಳಿಕೆ ಗಿಡ್ಡ, ಅಡ್ಡಡ್ಡ ಇರುವುದರಿಂದ ಅವರಿಗೆ ಕಿವಿನೋವು ಹೆಚ್ಚು.

ನೆಗಡಿಯ ಬೆನ್ನಿಗೆ ಬರುವ ಸೋಂಕಿನಲ್ಲಿ ವಿಪರೀತ ನೋವು, ಜ್ವರ ಇರುತ್ತದೆ. ಕೆಲವೊಮ್ಮೆ ತಮಟೆ ಒಡೆದು ಕೀವು ಹೊರಬರುತ್ತದೆ, ನೋವು ಇಳಿಯುತ್ತದೆ. ನೋವು ಹೋಯಿತೆಂದು ಔಷಧಿ ನಿಲ್ಲಿಸಬಾರದು. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡರೆ ಹೆಚ್ಚಿನವರಲ್ಲಿ ರಂಧ್ರ ಕೆಲವು ವಾರಗಳಲ್ಲಿ ತಾನಾಗಿ ಮುಚ್ಚುತ್ತದೆ.

ಮುಚ್ಚದೆ ಉಳಿದರೆ ಅದು ಹಳೇ ಸೋರುಗಿವಿ. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ರಂಧ್ರ ತಮಟೆಯ ನಡುವೆ ಇರುತ್ತದೆ. ನೆಗಡಿಯಾದಾಗ, ಸ್ನಾನದ ನೀರು ಹೋದಾಗ ಅಂಟಂಟಾದ ಸ್ರಾವ, ಹೆಚ್ಚಾಗಿ ವಾಸನೆ ಇರುವುದಿಲ್ಲ. ಕಿವಿಯನ್ನು ಒಣಗಿಸಿ, ವೈದ್ಯರು ಕೊಟ್ಟ ಹನಿ ಹಾಕಿ, ಬೇಕಿದ್ದರೆ ಕಿವಿಯ ಮೇಲ್ಭಾಗದಿಂದ ತೆಗೆದ ತೆಳುಪೊರೆಯಿಂದ ರಂಧ್ರ ಮುಚ್ಚುತ್ತಾರೆ. ಇದಕ್ಕೆ ಟಿಂಪನೋಪ್ಲಾಸ್ಟಿ ಎನ್ನುತ್ತಾರೆ.

ಎರಡನೆಯ ಬಗೆಗೆ ಕೊಲೆಸ್ಟಿಯಟೋಮಾ ಎಂದು ಹೆಸರು. ಚರ್ಮ ಒಳಕ್ಕೆ ಬೆಳೆದು, ಸುತ್ತಲಿನ ಮೂಳೆಯನ್ನು ನಿಧಾನವಾಗಿ ಸವೆಸುತ್ತದೆ. ಸ್ರಾವ ಸ್ವಲ್ಪವೇ, ಆದರೆ ಕೆಟ್ಟ ವಾಸನೆ. ಪಕ್ಕದ ಬೆಡ್ಡಿನವರು ಮೂಗು ಮುಚ್ಚಿಕೊಂಡರೆ ಬೇಸರಪಡದೆ ಕಿವಿ ತೋರಿಸಿ. ಇದು ಮಾತ್ರೆ, ಹನಿಗಳಿಂದ ಹೋಗುವುದಿಲ್ಲ, ಆಪರೇಷನ್ನೇ ಬೇಕು. ಬಿಟ್ಟರೆ ಮುಖದ ನರ, ಕೊನೆಗೆ ಮೆದುಳಿಗೂ ತಟ್ಟಬಹುದು. ಸೋರುವ ಕಿವಿಯ ಜೊತೆ ತಲೆಸುತ್ತು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಜೋರು ತಲೆನೋವು, ಕಿವಿಯ ಹಿಂದೆ ಬಾವು ಕಂಡರೆ ಡ್ಯೂಟಿ ಮುಗಿಯಲಿ ಎಂದು ಕಾಯಬೇಡಿ. ಆ ದಿನವೇ ಎಮರ್ಜೆನ್ಸಿಗೆ ಹೋಗಿ.

ರೂಮುಗಳಲ್ಲಿ ನಡೆಯುವ ಚಿಕಿತ್ಸೆ ನಮಗೆ ಗೊತ್ತಿಲ್ಲದ್ದೇನಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ, ಬೈಕಿನ ಕೀ, ಬೆಂಕಿಕಡ್ಡಿ. ಅಮ್ಮ ಮಾಡುತ್ತಿದ್ದರು ಎಂಬ ಪ್ರೀತಿ ಇರಲಿ, ತೂತಾದ ತಮಟೆಯೊಳಗೆ ಎಣ್ಣೆ ಬೇಡ. ಊರಿಂದ ತಂದಿಟ್ಟ ಹಳೆಯ ಡ್ರಾಪ್ಸ್ ಕೂಡ ಬೇಡ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ರಂಧ್ರದಿಂದ ಒಳಹೋದರೆ ಒಳಕಿವಿಗೆ ಹಾನಿ ಮಾಡಬಹುದು. ಸ್ನಾನಕ್ಕೆ ಮೊದಲು ವ್ಯಾಸಲಿನ್ ಸವರಿದ ಹತ್ತಿಯುಂಡೆ ಇಟ್ಟು, ಮುಗಿದ ಕೂಡಲೇ ತೆಗೆಯಿರಿ.

ಜೋರು ನೆಗಡಿಯಿದ್ದಾಗ ವಿಮಾನ ಹತ್ತಿದರೆ ಇಳಿಯುವಾಗ ಕಿವಿ ಸೀಳಿದಂತಾಗುತ್ತದೆ. ಹೊರಗಿನ ಒತ್ತಡ ಏರುತ್ತದೆ, ಮುಚ್ಚಿದ ನಳಿಕೆ ಒಳಗೆ ಗಾಳಿ ಬಿಡುವುದಿಲ್ಲ. ವಿಮಾನ ಇಳಿಯಲು ಆರಂಭಿಸಿದಾಗ ನಿದ್ದೆ ಮಾಡಬೇಡಿ, ಉಗುಳು ನುಂಗಿ, ಆಕಳಿಸಿ, ಕೂಸಿಗೆ ಹಾಲು ಕುಡಿಸಿ. ಮೂಗಿನ ಸ್ಪ್ರೇ ಬೇಕಿದ್ದರೆ ವೈದ್ಯರನ್ನು ಕೇಳಿ, ಬಿಪಿ ಇರುವವರಂತೂ ಕೇಳಲೇಬೇಕು.

ಆಪರೇಷನ್ ಊರಲ್ಲೇ ಮಾಡಿಸೋಣ ಎಂದು ಹೆಚ್ಚಿನವರು ರಜೆಗೆ ಕಾಯುತ್ತಾರೆ. ತಪ್ಪಲ್ಲ, ಆದರೆ ಲೆಕ್ಕ ಸರಿಯಿರಬೇಕು. ತಮಟೆ ಕೂಡಿಕೊಳ್ಳುವವರೆಗೆ, ಹಲವು ವಾರ, ವಿಮಾನ ಹತ್ತಬಾರದು. ಒಂದು ತಿಂಗಳ ರಜೆಯಲ್ಲಿ ಮದುವೆ, ಮನೆ ಕೆಲಸ ಎಲ್ಲ ಮುಗಿಸಿ ಮೂರನೇ ವಾರ ಆಸ್ಪತ್ರೆಗೆ ಹೋದವರಿಗೆ ಮರಳುವ ಟಿಕೆಟ್ ಬದಲಿಸುವುದು, ಇಲ್ಲವೇ ಆಪರೇಷನ್ ಮುಂದೂಡುವುದು, ಎರಡೇ ದಾರಿ. ಇಲ್ಲೇ ಇಎನ್‌ಟಿ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ, ಅವರು ಹೇಳಿದರೆ ಸಿಟಿ ಸ್ಕ್ಯಾನ್ ಮಾಡಿಸಿ, ವರದಿ ಜೊತೆಗಿಟ್ಟುಕೊಳ್ಳಿ. ಊರಿನ ವೈದ್ಯರ ದಿನಾಂಕ ಫೋನಿನಲ್ಲೇ ಗೊತ್ತುಮಾಡಿಕೊಂಡು, ಆಮೇಲೆ ರಜೆ ಅರ್ಜಿ ಬರೆಯಿರಿ.