ಹೋದ ವಾಸನೆ ಮತ್ತೆ ಬರುತ್ತದೆಯೇ? ಮೂಗಿನ ನರಗಳು ದಾರಿ ಹುಡುಕುವ ಬಗೆ

‘ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ, ವಾಸನೆ ಹೋದರೆ ಹೋಯಿತು’ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಮೂಗಿನ ಮಟ್ಟಿಗೆ ಇದು ನಿಜವಲ್ಲ.

ಶಿವಮೊಗ್ಗ ಬಳಿಯ ತ್ಯಾವರೆಕೊಪ್ಪ ಸಫಾರಿಯಲ್ಲಿ ಮರದ ಬುಡ ಮೂಸುವ ಹುಲಿಗೂ ನಮಗೂ ಮೂಗಿನ ಮೂಲ ವ್ಯವಸ್ಥೆ ಒಂದೇ. ವಾಸನೆ ಹಿಡಿಯುವ ಒಂದು ನರಕೋಶದಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಗ್ರಾಹಕ ಇರುತ್ತದೆ. ಮನುಷ್ಯರಲ್ಲಿ ಇಂಥ ಸುಮಾರು 400 ಬಗೆಗಳಿವೆ. ಈ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ಒಂದೇ ಬಗೆಯ ಕೋಶಗಳು ಮೂಗಿನಲ್ಲಿ ಚದುರಿದ್ದರೂ ಅವುಗಳ ನರದೆಳೆಗಳು ಮೆದುಳಿನಲ್ಲಿ ನಿಗದಿತ ಜಾಗದಲ್ಲೇ ಕೂಡುತ್ತವೆ. ಹೇಗೆ? ಎಳೆಗಳ ಹೊರಮೈಯಲ್ಲಿ ಗುರುತಿನ ಚೀಟಿಯಂಥ ಅಣುಗಳಿವೆ. ಇಲಿಗಳಲ್ಲಿ ಕಂಡಂತೆ, ಕಿರೆಲ್2, ಕಿರೆಲ್3 ಎಂಬ ಅಣುಗಳು ಒಂದೇ ಬಗೆಯ ಎಳೆಗಳನ್ನು ಒಟ್ಟಿಗೆ ಅಂಟಿಸುತ್ತವೆ. ಎಫ್ರಿನ್‌ಗಳು ಬೇರೆಯವನ್ನು ದೂರ ತಳ್ಳುತ್ತವೆ.

ಈ ಕೋಶಗಳು ಸಾಯುತ್ತಿದ್ದಂತೆ ಜೀವನವಿಡೀ ಹೊಸವು ಹುಟ್ಟುತ್ತಲೇ ಇರುತ್ತವೆ. ಹೊಸ ಎಳೆ ತನ್ನ ಜಾಗ ಹುಡುಕಿಕೊಳ್ಳಬೇಕು. ಅದಕ್ಕೇ ಚೇತರಿಕೆಗೆ ತಿಂಗಳುಗಳೇ ಹಿಡಿಯಬಹುದು. ಎಳೆಗಳು ತಪ್ಪು ಜಾಗ ಸೇರಿದರೆ ಕಾಫಿಯೂ ಸುಟ್ಟ ವಾಸನೆ ಬರಬಹುದು ಎಂಬುದು ಒಂದು ವಿವರಣೆ. ಎಲ್ಲರಿಗೂ ವಾಸನೆ ಪೂರ್ತಿ ಮರಳುತ್ತದೆ ಎಂದೇನೂ ಇಲ್ಲ.

ಕೋವಿಡ್ ಕಾಲದಲ್ಲಿ ಹರಿದಾಡಿದ ಸಲಹೆಯಂತೆ ಮೂಗಿಗೆ ನಿಂಬೆರಸ ಬಿಡಬೇಡಿ. ಲವಂಗ, ನಿಂಬೆ, ಗುಲಾಬಿ, ನೀಲಗಿರಿಯನ್ನು ದಿನಕ್ಕೆರಡು ಬಾರಿ ಮೂಸುವ ಅಭ್ಯಾಸ ಕೆಲವರಿಗೆ ನೆರವಾಗಿದೆ. ವಾಸನೆ ಇಲ್ಲದಿದ್ದರೆ ಗ್ಯಾಸ್ ಸೋರಿದರೂ ತಿಳಿಯದು. ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ.