ಹೆಗಲ ಕೀಲಿನ ರಚನೆಯೂ ರಕ್ಷಣೆಯೂ

ಹೊಗೇನಕಲ್ಲಿನಲ್ಲಿ ಹರಿಗೋಲಿಗೆ ಹುಟ್ಟು ಹಾಕುವವರನ್ನೂ, ಸೇಲಂ ಸೀಮೆಯ ದೇವಾಂಗ ನೇಕಾರರು ಕೈಮಗ್ಗದಲ್ಲಿ ಲಾಳಿಯ ಹಗ್ಗ ಜಗ್ಗುವುದನ್ನೂ ಮಕ್ಕಳು ನೋಡಿರಬಹುದು. ಈ ಎರಡು ದುಡಿಮೆಗಳಿಗೂ ಆಧಾರವಾದುದು ಹೆಗಲ ಕೀಲು. ನಮ್ಮ ಶರೀರದಲ್ಲಿ ಇದರಷ್ಟು ದಿಕ್ಕುಗಳಿಗೆ ತಿರುಗಬಲ್ಲ ಕೀಲು ಬೇರೊಂದಿಲ್ಲ.

ತೋಳಿನ ಮೂಳೆಯ ಮೇಲ್ತುದಿ ಚೆಂಡಿನಂತಿದ್ದು, ಬೆನ್ನಿನ ಮೇಲ್ಭಾಗದಲ್ಲಿರುವ ತ್ರಿಕೋನಾಕಾರದ ಹೆಗಲೆಲುಬಿನ ಕುಳಿಯಲ್ಲಿ ಕೂಡುತ್ತದೆ. ಸೊಂಟದ ಕೀಲೂ ಇದೇ ಬಗೆಯದು. ಆದರೆ ಅಲ್ಲಿನ ಕುಳಿ ಬಟ್ಟಲಿನಂತೆ ಆಳವಾದುದು, ಹೆಗಲಿನದು ತಟ್ಟೆಯಂತೆ. ಚೆಂಡಿನ ಮೂರರಲ್ಲಿ ಒಂದು ಪಾಲೂ ಅದರಲ್ಲಿ ಅಡಗುವುದಿಲ್ಲ. ಆದುದರಿಂದಲೇ ತೋಳು ಇಷ್ಟು ಸಲೀಸಾಗಿ ತಿರುಗುತ್ತದೆ. ಆದುದರಿಂದಲೇ ಸುಲಭವಾಗಿ ಜಾರುತ್ತದೆ ಕೂಡ.

ಹಾಗಾದರೆ ಚೆಂಡನ್ನು ಹಿಡಿದಿಟ್ಟಿರುವುದು ಯಾವುದು? ಕುಳಿಯ ಅಂಚಿಗೆ ಬಳೆಯಂತೆ ಸುತ್ತಿದ ಮೃದ್ವಸ್ಥಿಯ ಕಟ್ಟು, ಕೀಲನ್ನು ಚೀಲದಂತೆ ಆವರಿಸಿದ ಪೊರೆ, ಅದಕ್ಕೆ ಬಿಗಿ ಕೊಡುವ ಅಸ್ಥಿರಜ್ಜುಗಳು. ಇವುಗಳ ಜೊತೆಗೆ ಹೆಗಲೆಲುಬಿನಿಂದ ಹೊರಟು ಚೆಂಡನ್ನು ಮುಂದೆ, ಮೇಲೆ, ಹಿಂದೆ ಅಪ್ಪಿಕೊಂಡಿರುವ ನಾಲ್ಕು ಸ್ನಾಯುಗಳು. ಕೆಳಗಡೆ ಅಂತಹ ಸ್ನಾಯುವಿನ ಕಾವಲಿಲ್ಲ. ಕಬಡ್ಡಿಯಲ್ಲಿ ಚಾಚಿದ ಕೈಯ ಮೇಲೆ ಬಿದ್ದಾಗ ಚೆಂಡು ಹೆಚ್ಚಾಗಿ ಕೆಳಮುಖವಾಗಿ ಮುಂದಕ್ಕೆ ಸರಿಯುತ್ತದೆ.

ಇಂತಹ ಸಮಯದಲ್ಲಿ ಹತ್ತಿರ ನಿಂತವರು ಕೈಯನ್ನು ಎಳೆದು, ತಿರುಚಿ ಸರಿಪಡಿಸಲು ಮುಂದಾಗುವುದುಂಟು. ದಯವಿಟ್ಟು ಹಾಗೆ ಮಾಡಗೊಡಬೇಡಿರಿ. ಕೀಲಿಗೆ ಅಂಟಿಕೊಂಡಂತೆ ಕಂಕುಳ ಬಳಿ ನರವೊಂದು ಹಾದುಹೋಗುತ್ತದೆ. ಎಳೆತಕ್ಕೆ ಅದು ಘಾಸಿಗೊಂಡರೆ ತೋಳನ್ನು ಎತ್ತುವ ಶಕ್ತಿಯೇ ಕುಂದಬಹುದು. ಮೂಳೆ ಮುರಿದಿದ್ದರೆ ಅದು ಎಕ್ಸ್‌ರೇ ಇಲ್ಲದೆ ತಿಳಿಯದು. ಕೈ ಇದ್ದ ಭಂಗಿಯಲ್ಲೇ ಟವಲಿನಿಂದ ಜೋಲಿ ಕಟ್ಟಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸೇಲಂ, ಧರ್ಮಪುರಿ ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ವಾಹನಕ್ಕೆ 108ಕ್ಕೆ ಕರೆಮಾಡಬಹುದು.

ಅಲ್ಲಿ ಒಂದು ಮಾತು ನೆನಪಿರಲಿ. ಕನ್ನಡದಲ್ಲಿ ತೋಳು ಎಂದರೆ ಹೆಗಲಿನಿಂದ ಕೆಳಗಿನ ಕೈ. ತಮಿಳಿನಲ್ಲಿ ‘ತೋಳ್’ ಎಂದರೆ ಹೆಗಲು. ನೋವು ಹೆಗಲಿನಲ್ಲಿದ್ದರೆ ‘ತೋಳ್‌ಪಟ್ಟೈ’ ಎನ್ನಿರಿ, ಬೆರಳಿಟ್ಟೂ ತೋರಿಸಿರಿ.

ಎಳೆಯ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಹೆಗಲು ಮತ್ತೆ ತಪ್ಪುವ ಸಂಭವ ಹೆಚ್ಚು. ನೋವು ಇಳಿಯಿತೆಂದು ಮಗುವನ್ನು ಕೂಡಲೇ ಅಂಗಳಕ್ಕೆ ಬಿಡದೆ, ವೈದ್ಯರು ಹೇಳಿದ ವ್ಯಾಯಾಮಗಳನ್ನು ಪೂರ್ಣವಾಗಿ ಮಾಡಿಸಿರಿ. ಕುಳಿಯನ್ನು ಆಳಮಾಡಲು ವ್ಯಾಯಾಮದಿಂದ ಆಗದು. ಕಾವಲಿನ ಸ್ನಾಯುಗಳನ್ನು ಬಲಪಡಿಸಲು ಖಂಡಿತ ಆಗುತ್ತದೆ.